ಕಲ್ಲಿಟ್ಟವರ ಹೆಸರು

ತುಂಗಭದ್ರೆಯ ತಡಿಯ ಬಂಡೆಯಲ್ಲಿ, ಯಂತ್ರದ ನಡುವೆ ಪದ್ಮಾಸನ ಹಾಕಿ ಜಪಮಾಲೆ ಹಿಡಿದು ಕುಳಿತ ಪ್ರಾಣದೇವರಿಗೆ ಮೊದಲ ನಮಸ್ಕಾರ. ಲಂಕೆಯ ವನದಲ್ಲಿ ಆಡಬೇಕಾದುದನ್ನು ಆಡಬೇಕಾದಷ್ಟೇ ಆಡಿ, ತಾನು ಯಾರವನು, ಯಾರಿಂದ ಬಂದವನು ಎಂಬುದರಲ್ಲಿ ಎಳ್ಳಷ್ಟೂ ಸಂದೇಹ ಉಳಿಸದ ಆ ಮಾತಿನೊಡೆಯನು ಈ ಕಥೆ ಹೇಳುವ ನಾಲಿಗೆಯನ್ನು ಎಡವದಂತೆ ನಡೆಸಲಿ. ಹೊಳೆಯ ಎರಡೂ ದಡಕ್ಕೆ ಒಡೆಯನಾದ ಪಂಪಾಪತಿಯು ಕೇಳುವವರ ಕಿವಿಗೆ ತಾಳ್ಮೆಯನ್ನು ಕೊಡಲಿ.

ಕೀಲಕ ಸಂವತ್ಸರದ ಕಾರ್ತಿಕ ಮಾಸ. ಇಂಗ್ಲಿಷ್ ಲೆಕ್ಕದಲ್ಲಿ ಸಾವಿರದ ಒಂಬೈನೂರ ಅರವತ್ತೆಂಟು. ಹೊಸಪೇಟೆಯ ತಿರುಮಲಾಚಾರ್ಯರು ಮಂಗಳವಾರ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಪಂಚಪಾತ್ರೆ ತೊಳೆಯುತ್ತಿದ್ದಾಗ ಅಂಗಳದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕಂಪ್ಲಿಯಾಚೆಯ ಹಳ್ಳಿಯ ಹೊಳೆಮ್ಮ. ಹನ್ನೆರಡು ದಿನಗಳ ಹಿಂದೆ ಆಚಾರ್ಯರ ಕೈಯಿಂದ ಕಾಲುವೆ ಕಚೇರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿಕೊಂಡು ಹೋದವಳು. ಕೆಲಸವಾಯಿತೆಂದು ಹೇಳಲು ಬಂದಿರಬೇಕೆಂದು ಆಚಾರ್ಯರು ನಗುತ್ತ ಹೊರಗೆ ಬಂದರು.

"ಆಚಾರ್ರ, ನೀವು ಬರದ ಕಾಗದಕ್ಕ ನಮ್ಮ ತೂಬ ಮುಚ್ಚ್ಯಾರ್ರಿ," ಎಂದಳು ಹೊಳೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ಆಚಾರ್ಯರನ್ನು ಹೆಚ್ಚು ಹೆದರಿಸಿತು. "ಮೂರು ದಿನ ಆತು. ನೆಲ್ಲು ಹಾಲು ತುಂಬೋ ಹೊತ್ತು. ಇನ್ನೊಂದು ವಾರ ಹಿಂಗ ಆದ್ರ ತೆನಿಯಾಗ ಬರೇ ಜೊಳ್ಳು."

"ಯಾಕ ಮುಚ್ಚಿದ್ರಮ್ಮ? ಅನ್ಯಾಯ ಆಗಿದ್ದು ನಿಮಗ."

"ಕಾಲ್ವಿಗೆ ಕಲ್ಲು ಹಾಕಿದವರು ನಮ್ಮ..." ಎಂದು ಆಕೆಯ ಬಲಗೈ ಕೊರಳಿನ ತಾಳಿಗೆ ಹೋಯಿತು. "ಅವರ ಅಂತ ನಿಮ್ಮ ಕಾಗದದಾಗ ಐತಂತ."

ಆಚಾರ್ಯರ ಕೈಯ ಪಂಚಪಾತ್ರೆ ಓರೆಯಾಗಿ ನೀರು ಪಾದದ ಮೇಲೆ ಚೆಲ್ಲಿತು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ಮನೆಯಲ್ಲಿ ತಂದೆಯ ಕಾಲದಿಂದ ವ್ಯಾಕರಣ, ವೇದಾಂತ. ಹೊಟ್ಟೆಪಾಡಿಗೆ ಶಾಲೆಯ ಇಂಗ್ಲಿಷ್. ನಿವೃತ್ತಿಯ ಮೇಲೆ, ಕಾಗದ ಬಲ್ಲವರಿಲ್ಲದ ರೈತರಿಗೆ ಏನನ್ನೂ ಮುಟ್ಟದೆ ಅರ್ಜಿ ಬರೆದುಕೊಡುವುದೆಂದು ವ್ರತ ಹಿಡಿದಿದ್ದರು. ಊರಿನ ಅರ್ಧ ಗುಮಾಸ್ತರು ಅವರ ಶಿಷ್ಯರೇ. ಅವರಲ್ಲಿ ಯಾರನ್ನು ಕೇಳಿದರೂ ಮೇಷ್ಟ್ರ ಒಂದು ಮಾತನ್ನು ತಪ್ಪದೆ ಒಪ್ಪಿಸುತ್ತಿದ್ದರು: "ಸರ್ವನಾಮ ಅಂದ್ರ ಜಾತ್ರೆಯಾಗ ತಪ್ಪಿಸಿಕೊಂಡ ಕೂಸಿನ ಹಂಗ. ಯಾರ ಮನೀದು ಅಂತ ಕೊರಳಿಗೆ ಚೀಟಿ ಕಟ್ಟಿನ ಬೀದಿಗೆ ಬಿಡಬೇಕು." ಒಂದು ವಾಕ್ಯದಲ್ಲಿ ಇಬ್ಬರು ಗಂಡಸರಿದ್ದು, ಮುಂದಿನ ವಾಕ್ಯ 'ಹಿ' ಎಂದು ತೊಡಗಿದರೆ, ಬರೆದ ಹುಡುಗ ಬೆಂಚಿನ ಮೇಲೆ ನಿಲ್ಲಬೇಕಿತ್ತು.

ಒಳಗೆ ಹೋಗಿ ಅರ್ಜಿಗಳ ನಕಲು ಇಡುವ ಕಡತವನ್ನು ತೆಗೆದರು. ಇಂಗ್ಲಿಷಿನಲ್ಲಿ ತಾವೇ ಬರೆದುದನ್ನು ನಿಂತುಕೊಂಡೇ ಓದಿದರು. ಗಂಡ ಗಾದಿಲಿಂಗಪ್ಪ, ಗಂಡನ ಅಣ್ಣ ಮೈಲಾರಲಿಂಗಪ್ಪ, ಇಬ್ಬರ ಗದ್ದೆಗೂ ಒಂದೇ ಕಾಲುವೆ, ನಡುವೆ ಕವಲು: ಮೊದಲ ವಾಕ್ಯದಲ್ಲಿ ಇಬ್ಬರ ಹೆಸರೂ ಸ್ಪಷ್ಟವಾಗಿತ್ತು. ಆ ಮೇಲೆ ಒಂದೂ ಹೆಸರಿರಲಿಲ್ಲ. ಹಿ ಕವಲಿಗೆ ಕಲ್ಲು ಜೋಡಿಸಿದ. ಹಿ ಅದನ್ನು ಕೀಳಲು ಇಳಿದ. ಹಿ ಬೈದ. ಹಿ ಪಾಚಿಗೆ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಹಿ ಮತ್ತೆ ಹೀಗೆ ಮಾಡದಂತೆ ತಡೆಯಬೇಕು. ಐದು 'ಹಿ'ಗಳು, ಒಂದಕ್ಕೂ ಕೊರಳಲ್ಲಿ ಚೀಟಿ ಇಲ್ಲ. ಹೊಸದಾಗಿ ಓದುವವನು ಮೊದಲು ಬಂದ ಹೆಸರನ್ನೇ ಹಿಡಿಯುತ್ತಾನೆ. ಗಾದಿಲಿಂಗಪ್ಪನೇ ಕಲ್ಲಿಟ್ಟ, ಗಾದಿಲಿಂಗಪ್ಪನೇ ಕಿತ್ತ, ಗಾದಿಲಿಂಗಪ್ಪನೇ ಬೈದ. ಸ್ವಂತ ಹೆಂಡತಿಯೇ ಅವನ ಮೇಲೆ ದೂರು ಕೊಟ್ಟಳು.

ಬರೆಯುವಾಗ ಅವರಿಗೆ ಎಲ್ಲವೂ ಬೆಳಕಿನಂತಿತ್ತು. ಯಾಕೆಂದರೆ ಅವರು ಹೊಳೆಮ್ಮನನ್ನು ನೋಡುತ್ತಿದ್ದರು. ಆ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನಾಗಲಿ, ಗಂಡನ ಅಣ್ಣನ ಹೆಸರನ್ನಾಗಲಿ ಬಾಯಲ್ಲಿ ಹಿಡಿಯುವುದಿಲ್ಲ. ಹಿಡಿದರೆ ಅವರ ಆಯುಷ್ಯ ಸವೆಯುತ್ತದೆಂದು ನಂಬಿಕೆ. "ಹೆಸರು ಪಟ್ಟಾ ಕಾಗದದಾಗ ಅದಾವು, ನೋಡಿಕೊಳ್ರಿ," ಎಂದಿದ್ದಳು. ಮಿಕ್ಕುದಕ್ಕೆಲ್ಲ ಆಕೆಯ ಬಾಯಲ್ಲಿ ಇಬ್ಬರಿಗೂ ಒಂದೇ ಮಾತು, 'ಅವರು'. ಗಂಡನಾದರೆ ಕೈ ತಾಳಿಗೆ ಹೋಗುತ್ತಿತ್ತು. ಭಾವನಾದರೆ ಸೆರಗು ನೆತ್ತಿಯಿಂದ ಒಂದಂಗುಲ ಮುಂದೆ ಬರುತ್ತಿತ್ತು. ಆಚಾರ್ಯರು ಮಾತನ್ನು ಬರೆದುಕೊಂಡರು; ಕೈಯನ್ನೂ ಸೆರಗನ್ನೂ ಬರೆದುಕೊಳ್ಳಲಿಲ್ಲ.

ಇನ್ನೂ ಒಂದಿತ್ತು. ಬರೆದುದನ್ನು ಕನ್ನಡದಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುವುದಿಲ್ಲವೆಂಬುದು ಅವರ ನಿಯಮ. ಆ ದಿನ ಓದಿರಲಿಲ್ಲ. ಅಂದು ಏಕಾದಶಿ, ನಾಲ್ಕು ಗಂಟೆಗೆ ಮಠದಲ್ಲಿ ಅವರ ಪ್ರವಚನ. ತಡವಾಯಿತೆಂದು ಕಾಗದವನ್ನು ಹಾಗೇ ಕೊಟ್ಟು ಶಲ್ಯ ಹೊದ್ದು ಓಡಿದ್ದರು. ಓಡಿ ಹೋಗಿ, ಒಂದು ಶ್ಲೋಕದ 'ಸಃ' ಎಂಬ ಪದವು ಅರ್ಜುನನನ್ನು ಸೂಚಿಸುತ್ತದೆಯೋ ಶ್ರೀಹರಿಯನ್ನೋ ಎಂದು ಮುಕ್ಕಾಲು ಗಂಟೆ ವಿವರಿಸಿದ್ದರು. ಜನ ತಲೆದೂಗಿದ್ದರು.

ಹೆಂಡತಿ ಗೋದಾಬಾಯಿ ಹೊಳೆಮ್ಮನಿಗೆ ನೀರು ಬೆಲ್ಲ ಕೊಟ್ಟು, ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನೀವು ನನ್ನ ಕೇಳಿದ್ರ ಅವತ್ತೇ ಹೇಳ್ತಿದ್ದೆ," ಎಂದರು. "ಮೂವತ್ತೆಂಟು ವರ್ಷ ನಾನೂ ನಿಮಗ 'ಇವರು' ಅಂತನ ಕರದೀನಿ. ನಮ್ಮ ಮಾತು ಅರ್ಥ ಆಗಬೇಕಂದ್ರ ನಮ್ಮ ಮಾರಿ ನೋಡಬೇಕು. ಕಾಗದಕ್ಕ ಮಾರಿ ಎಲ್ಲದ?"

"ಒಮ್ಮೆಯೂ ಹೆಸರು ಹೇಳಿಲ್ಲೇನು ನೀನು?"

"ಹೇಳೀನಲ್ಲ, ಮದುವ್ಯಾಗ, ಆನೆಗೊಂದಿಯೊಳಗ, ಹೊಸ್ತಿಲು ತಡದು ಹೆಸರು ಕೇಳಿದಾಗ. ಪ್ರಾಸ ಕಟ್ಟಿ ಒಡಪಿನಾಗ ಹೇಳಿದ್ರ ದೋಷ ಇಲ್ಲ. ಇನ್ನ ಅರ್ಜ್ಯಾಗ ಒಡಪು ಬರೀತೀರೇನು?"

ಹೊಳೆಮ್ಮ ಆ ದುಃಖದಲ್ಲೂ ಸೆರಗಿನ ಮರೆಯಲ್ಲಿ ನಕ್ಕಳು. ಆಚಾರ್ಯರು ನಗಲಿಲ್ಲ. ಊಟದ ಹೊತ್ತಾಗಿದೆಯೆಂದು ಗೋದಾಬಾಯಿ ಹೇಳುತ್ತಿದ್ದಂತೆಯೇ ಕೊಡೆ ಹಿಡಿದು ಕಚೇರಿಯ ದಾರಿ ಹಿಡಿದರು.

ಕಾಲುವೆ ಕಚೇರಿಯ ಹಿರಿಯ ಗುಮಾಸ್ತ ಜಂಬಯ್ಯ ಅವರ ಹಳೆಯ ಶಿಷ್ಯ. ಮೇಷ್ಟ್ರನ್ನು ಕಂಡು ಎದ್ದು ಕುರ್ಚಿ ಎಳೆದ.

"ಬರ್ರಿ ಮೇಷ್ಟ್ರೆ, ಕುಂದ್ರಿ. ನಿಮ್ಮ ಅಕ್ಷರ ನೋಡಿದ ಕೂಡ್ಲೆ ಫೈಲು ಜಲ್ದಿ ಮ್ಯಾಲೆ ಕಳಿಸಿದೆ. ಕಲ್ಲು ಇಟ್ಟಾತನ ತೂಬು ಬಂದ್ ಮಾಡ್ಸೇವಲ್ಲ."

"ತಪ್ಪು ತೂಬು ಮುಚ್ಚಿಸಿದ್ದೀರಿ ಜಂಬಯ್ಯ. ಕಲ್ಲಿಟ್ಟವನು ಅಣ್ಣ. ತಮ್ಮ ಅಲ್ಲ."

ಜಂಬಯ್ಯ ಕಡತ ತೆರೆದು ಬೆರಳಿಟ್ಟು ಓದಿದ. ಎರಡನೆಯ ಸಲ ಓದುವಾಗ ಅವನ ಹುಬ್ಬು ಮೇಲೇರಿತು. ತುಟಿಯ ಮೂಲೆಯಲ್ಲಿ ಹದಿನೆಂಟು ವರ್ಷಗಳ ಹಿಂದಿನ ಹುಡುಗ ಇಣುಕಿದ.

"'ಕೊಟ್ರಯ್ಯ ಮೂಕಪ್ಪನ್ನ ಕಂಡ, ಹಿ ನಕ್ಕ' ಅಂತ ನಾ ಬರದಿದ್ದೆ. ಯಾರು ನಕ್ಕರು ಅಂತ ಹೇಳೋತನಕ ಬೆಂಚಿನ ಮ್ಯಾಲೆ ನಿಲ್ಲಿಸಿದ್ರಿ. ಯಾರು ನಕ್ಕರೋ ಇವತ್ತಿಗೂ ನನಗ ಗೊತ್ತಾಗಿಲ್ರಿ."

"ಇವತ್ತು ನಾನೇ ನಿಂತೀನಪ್ಪ," ಎಂದರು ಆಚಾರ್ಯರು. ನಿಜವಾಗಿಯೂ ಕುಳಿತಿರಲಿಲ್ಲ. "ಹೊಸ ಅರ್ಜಿ ಬರೆದು ಕೊಡಲೇನು?"

ಜಂಬಯ್ಯನ ನಗು ಇಳಿಯಿತು. "ನಡಿಯೋದಿಲ್ರಿ. ಸಾಹೇಬ್ರು ಮೈಸೂರ ಕಡಿಯವ್ರು, ಭಾಳ ಕಟ್ಟುನಿಟ್ಟು. ಈ ಕಾಲ್ವಿ ಜಗಳದಾಗ ಮಂದಿ ಮೊದಲು ಒಬ್ಬನ ಮ್ಯಾಲೆ ಬರಸ್ತಾರ. ಮನ್ಯಾಗ ಗದ್ದಲ ಆದ ಮ್ಯಾಲೆ 'ಅವನಲ್ಲ, ಇವನು' ಅಂತಾರ. ಅಂಥವು ಸಾಹೇಬ್ರು ನೂರು ನೋಡ್ಯಾರ. ಗುರುವಾರ ಮುಂಜಾನೆ ಕವಲಿನ ಹತ್ರನ ವಿಚಾರಣಿ ಇಟ್ಟಾರ. ಅರ್ಜಿ ಕೊಟ್ಟಾಕಿನ ತನ್ನ ಬಾಯಿಂದ ಹೆಸರು ಹೇಳಬೇಕು. ಇಲ್ಲಾಂದ್ರ ಈ ಬೆಳಿ ಮುಗಿಯೋತನಕ ತೂಬು ಬಂದ್."

"ಆಕೆ ಹೆಸರು ಹಿಡಿಯೋದಿಲ್ಲ."

"ನನಗ ಗೊತ್ತೈತ್ರಿ. ನಮ್ಮವ್ವನೂ ಹಿಡಿಯೋದಿಲ್ಲ. ಸಾಹೇಬ್ರಿಗೆ ಯಾರು ಹೇಳಬೇಕು?"

ಆ ಎರಡು ದಿನ ಆಚಾರ್ಯರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಳಿತಲ್ಲಿ ಕೂರಲಾಗಲಿಲ್ಲ. ಜಪದ ಎಣಿಕೆ ತಪ್ಪುತ್ತಿತ್ತು. ಪಾರಾಯಣಕ್ಕೆ ಗ್ರಂಥ ಬಿಚ್ಚಿದರೆ ಪ್ರತಿಯೊಂದು 'ಸಃ', 'ತಸ್ಯ', 'ತೇನ' ಎದ್ದು ನಿಂತು, ನಾನು ಯಾರು ಹೇಳು, ನಾನು ಯಾರವನು ಹೇಳು ಎಂದು ಪೀಡಿಸುತ್ತಿತ್ತು. ಬುಧವಾರ ಆಸ್ಪತ್ರೆಗೆ ಹೋಗಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಗಾದಿಲಿಂಗಪ್ಪನ ಕೈ ಹಿಡಿದು ತಪ್ಪೊಪ್ಪಿಕೊಂಡರು. ಅವನು ಕಾಗದದ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. "ಗದ್ದಿ ಬಿರುಕು ಬಿಟ್ಟೈತೇನ್ರಿ ಆಚಾರ್ರ?" ಎಂದು ಅದನ್ನೇ ನಾಲ್ಕು ಸಲ ಕೇಳಿದ. ಹೊಳೆಮ್ಮ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಳು.

"ನಾಳೆ ಒಂದೇ ಒಂದು ಸಲ ಹೇಳಿಬಿಡಮ್ಮ," ಎಂದು ಹೊರಗೆ ಬಂದ ಮೇಲೆ ಆಚಾರ್ಯರು ಬೇಡಿಕೊಂಡರು. "ದೋಷವೆಲ್ಲ ನನಗಿರಲಿ. ಪ್ರಾಯಶ್ಚಿತ್ತ ನಾನು ಮಾಡ್ತೀನಿ."

ಹೊಳೆಮ್ಮ ತಲೆಯೆತ್ತಿ ನೋಡಿದಳು. "ಮಂಚದ ಮ್ಯಾಲೆ ಮಲಗ್ಯಾರ್ರಿ, ಕಣ್ಣೀಲೆ ನೋಡಿದ್ರಿ. ಇಂಥ ಹೊತ್ತಿನ್ಯಾಗ ಹೆಸರು ಹಿಡಿ ಅಂತೀರಿ. ಇನ್ನ ದೊಡ್ಡವರದು ಅಂತೂ..." ಸೆರಗು ಮುಂದೆ ಬಂತು. "ಗದ್ದಿ ಹೋದ್ರ ಮುಂದಿನ ವರ್ಷ ನಾಟಿ ಮಾಡತೀವ್ರಿ. ಮಾನ ಹೋದ್ರ ಏನು ನಾಟಿ ಮಾಡೂದು?"

ಆಚಾರ್ಯರು ಕೊಡೆ ಬಿಡಿಸಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದರು. ಆಕೆಯ ನಿಯಮವನ್ನು ಆಕೆ ಹಿಡಿದುಕೊಂಡಿದ್ದಳು. ನಿಯಮ ಬಿಟ್ಟವರು ತಾವು.

ಗುರುವಾರ ಮೊದಲ ಬಸ್ಸಿಗೆ ಹೊರಟರು. ಕಮಲಾಪುರ ದಾಟಿದ ಮೇಲೆ ಎರಡೂ ಕಡೆ ಕಬ್ಬು, ಬಾಳೆ, ನೆಲ್ಲು; ಎಲ್ಲೆಲ್ಲೂ ತುಂಬಿ ಹರಿಯುವ ನೀರು. ಅಷ್ಟು ನೀರಿನ ನಡುವೆ ಒಂದು ತುಂಡು ನೆಲ ತಮ್ಮ ಲೇಖನಿಯಿಂದ ಒಣಗುತ್ತಿದೆಯೆಂಬ ಎಣಿಕೆ ಅವರನ್ನು ಕಿಟಕಿಯಿಂದ ಕಿಟಕಿಗೆ ತಿರುಗಿಸಿತು. "ಆಚಾರ್ರ, ಒಂದ ಕಡಿ ಕುಂದ್ರಿ, ನೀವು ತಿರುಗಿದ್ರ ಬಸ್ಸು ಜಲ್ದಿ ಹೋಗೂದಿಲ್ಲ," ಎಂದ ಕಂಡಕ್ಟರು. ಕಂಪ್ಲಿಯಲ್ಲಿ ಇಳಿದು ಅಕ್ಕಿ ಗಿರಣಿಯ ಹಿಂದಿನ ಏರಿಯ ಮೇಲೆ ಒಂದು ಹರದಾರಿ ನಡೆದರು.

ಕವಲಿನ ಬಳಿ ಜೀಪು ನಿಂತಿತ್ತು. ಎಂಜಿನಿಯರ್ ಸಾಹೇಬರು ಟೋಪಿ ತೆಗೆದು ಬೆವರೊರೆಸಿಕೊಳ್ಳುತ್ತಿದ್ದರು. ಜಂಬಯ್ಯ ಜೀಪಿನ ಮೂತಿಯ ಮೇಲೆ ಕಾಗದ ಹರಡಿದ್ದ. ಗಾದಿಲಿಂಗಪ್ಪ ಜಾರಿಬೀಳುವ ಮೊದಲು ಕಿತ್ತು ಎಸೆದ ಕಲ್ಲುಗಳು ದಂಡೆಯ ಮೇಲೆ ಬಿದ್ದಿದ್ದವು. ಇಟ್ಟ ಕೈ ಯಾವುದೆಂದು ಕಲ್ಲು ಹೇಳುವುದುಂಟೆ? ಒಂದು ಕಡೆಯ ಗದ್ದೆ ಹಸಿರು, ಇನ್ನೊಂದು ಕಡೆಯದಕ್ಕೆ ಹಳದಿ ಹತ್ತುತ್ತಿತ್ತು. ಹಸಿರಿನ ಬದುವಿನಲ್ಲಿ ಮೈಲಾರಲಿಂಗಪ್ಪ ಪೇಟ ಸುತ್ತಿ, ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತಿದ್ದ. ಹೊಳೆಮ್ಮ ಅವನಿಗೆ ಬೆನ್ನು ಮಾಡಿ, ಮುಖ ಮುಚ್ಚುವಂತೆ ಸೆರಗೆಳೆದು ನಿಂತಿದ್ದಳು.

ಸಾಹೇಬರು ಮೊದಲು, ತೂಬು ಕಾಯುವ ನೀರುಗಂಟಿ ಗಾಳೆಪ್ಪನನ್ನು ಕೇಳಿದರು. "ನಾ ಏನೂ ನೋಡಿಲ್ರಿ ಸಾರ್. ನನ್ನ ಕಣ್ಣು ನೀರಿನ ಮ್ಯಾಲೆ ಇರ್ತಾವು," ಎಂದ. ಎರಡೂ ಮನೆಯಲ್ಲಿ ರೊಟ್ಟಿ ತಿನ್ನುವವನು, ಮತ್ತೇನು ಹೇಳಿಯಾನು.

ಆಚಾರ್ಯರು ಮುಂದೆ ಬಂದರು. "ಸಾಹೇಬರೆ, ಕಾಗದದ ತಪ್ಪು ನನ್ನದು. ಹೆಸರು ಬರೆಯಬೇಕಾದ ಕಡೆಯಲ್ಲೆಲ್ಲ ಸರ್ವನಾಮ ಬರೆದೆ. ಆಕೆಗೆ ಓದಿ ಹೇಳಲೂ ಇಲ್ಲ. ಕಲ್ಲಿಟ್ಟವನು ಗಾದಿಲಿಂಗಪ್ಪನಲ್ಲ."

"ತಾವು ಇಂಗ್ಲಿಷ್ ಮೇಷ್ಟ್ರಾಗಿದ್ದವರಂತೆ," ಎಂದರು ಸಾಹೇಬರು. ಕುಹಕವಿರಲಿಲ್ಲ, ಆದರೆ ದಂಡೆಯ ಮೇಲಿದ್ದ ಹತ್ತು ಜನರಿಗೂ ಕೇಳಿಸಿತು. "ತಮ್ಮ ಮೇಲೆ ಗೌರವವಿದೆ. ಆದರೆ ತಾವು ಕಂಡವರಲ್ಲ, ಬರೆದವರು. ಕಂಡವರು ಹೇಳಲಿ. ಏನಮ್ಮ, ಕಲ್ಲು ಹಾಕಿದವರು ಯಾರು?"

"ಅವರು," ಎಂದಳು ಹೊಳೆಮ್ಮ.

"ಯಾರು ಅವರು?"

"ದೊಡ್ಡವರು."

"ಅವರು, ಇವರು, ದೊಡ್ಡವರು. ಇದರಿಂದಲೇ ಇಷ್ಟೆಲ್ಲ ಆದದ್ದು. ನನಗೆ ಹೆಸರು ಬೇಕು. ಹೆಸರಿಲ್ಲದೆ ನಾನು ಬರೆದುಕೊಳ್ಳುವುದಿಲ್ಲ." ಅವರು ಗಡಿಯಾರ ನೋಡಿಕೊಂಡರು. ಜಂಬಯ್ಯ ಲೇಖನಿಯ ಮುಚ್ಚಳ ತೆಗೆದು ಮತ್ತೆ ಹಾಕಿದ. ಆಚಾರ್ಯರು ಎರಡು ಅಂಗೈಯನ್ನೂ ಒತ್ತಿ ಹಿಡಿದು ಪ್ರಾಣದೇವರನ್ನು ನೆನೆದರು. ಮಂತ್ರ ಬರಲಿಲ್ಲ, ಹಳದಿ ಗದ್ದೆಯಷ್ಟೇ ಕಣ್ಣಿಗೆ ಬಂತು.

ಹೊಳೆಮ್ಮ ನೀರಿನ ಕಡೆ ತಿರುಗಿದಳು. ಬಲಗೈ ತಾಳಿಯನ್ನು ಹಿಡಿಯಿತು. ಮದುವೆಯ ಮನೆಯ ಹೊಸ್ತಿಲಲ್ಲಿ ಮದುಮಗಳು ಹೇಳುವ ರಾಗದಲ್ಲೇ, ಆದರೆ ಮದುಮಗಳಿಗಿಂತ ಗಟ್ಟಿಯಾಗಿ ಹೇಳಿದಳು:

"ಹಂಪಿ ಹೊಳಿಯಾಗ ಹರಿಗೋಲು,
ಕಂಪ್ಲಿ ಗದ್ಯಾಗ ತೆನಿಸಾಲು,
ಕವಲಿನ ಕಲ್ಲು ತಗಿಯಾಕ ಹೋಗಿ
ಮುರಕೊಂಡಾರ ತಮ್ಮ ಕಾಲು,
ಗಾದಿಲಿಂಗಪ್ಪನವರ ಹೆಸರ ಹೇಳತೀನಿ,
ಗದ್ದಿಗೆ ಬಿಡಿಸ್ರಿ ನೀರಿನ ಪಾಲು."

ಸಾಹೇಬರು ತಬ್ಬಿಬ್ಬಾಗಿ ಜಂಬಯ್ಯನ ಕಡೆ ತಿರುಗಿದರು. "ಏನಿದು, ಪದ ಹಾಡಿದಳೆ?"

"ಹೆಸರು ಹೇಳಿದ್ಲು ಸಾರ್. ಒಡಪಿನಾಗ ಹೇಳ್ಯಾಳ," ಎಂದ ಜಂಬಯ್ಯ, ಅವನ ಲೇಖನಿ ಆಗಲೇ ಓಡುತ್ತಿತ್ತು. "ಕಲ್ಲು ತಗಿಯಾಕ ಹೋದಾತ ಆಕಿ ಗಂಡ, ಗಾದಿಲಿಂಗಪ್ಪ."

"ಸರಿ. ಕಲ್ಲಿಟ್ಟವನ ಹೆಸರು?"

"ಅದಕ್ಕ ಒಡಪಿಲ್ರಿ," ಎಂದಳು ಹೊಳೆಮ್ಮ. ಈಗ ದನಿ ಸಣ್ಣಗಾಗಿತ್ತು. "ಗಂಡನ ಹೆಸರಿಗೆ ದೇವ್ರು ಒಂದು ಸಂದಿ ಬಿಟ್ಟಾನ. ಹಿರೇರ ಹೆಸರಿಗೆ ಬಿಟ್ಟಿಲ್ಲ. ನೀವು ತೂಬು ಮುಚ್ಚಿದ್ರೂ ಅಷ್ಟ, ನನ್ನನ್ನ ಜೀಪಿನಾಗ ಹಾಕ್ಕೊಂಡು ಹೋದ್ರೂ ಅಷ್ಟ."

ಸಾಹೇಬರು ಬಾಯಿ ತೆರೆದರು. ಅವರು ಏನು ಹೇಳುವವರಿದ್ದರೋ ಯಾರಿಗೂ ತಿಳಿಯಲಿಲ್ಲ. ಹಸಿರು ಬದುವಿನಿಂದ ಮೈಲಾರಲಿಂಗಪ್ಪನ ದನಿ ಬಂತು.

"ಆಕಿನ್ನ ಕೇಳಬ್ಯಾಡ್ರಿ."

ಅವನು ಇಳಿದು ಬಂದು ಕವಲಿನ ಆಚೆ ದಂಡೆಯಲ್ಲೇ ನಿಂತ. ಮುಖ ಗಂಟಿಕ್ಕಿತ್ತು, ಪಶ್ಚಾತ್ತಾಪದ ಗುರುತೇನೂ ಅದರಲ್ಲಿರಲಿಲ್ಲ. "ನಮ್ಮ ಮನಿ ಸೊಸಿ ಹತ್ತು ಮಂದ್ಯಾಗ ನನ್ನ ಹೆಸರು ಹಿಡದು ಕರದ್ಲು ಅಂತ ನಾಳೆ ಊರು ಆಡಬಾರದು. ಇವತ್ತು ಆಕಿ ಹಿಡೀಲಿಲ್ಲ. ನೀವು ಹಿಡಿಸೋತನಕ ಬಿಡೂದಿಲ್ಲ. ಬರಕೊಳ್ರಿ. ಕಲ್ಲು ಇಟ್ಟಾಂವ ಮೈಲಾರಲಿಂಗಪ್ಪ. ನನ್ನ ಹೆಸರು ನಾನ ಹೇಳೀನಿ."

"ಯಾಕಿಟ್ಟೆ?" ಎಂದರು ಸಾಹೇಬರು.

"ನೀರು ಬೇಕಾಗಿತ್ತು, ಇಟ್ಟೆ," ಎಂದು ಪೇಟ ಸರಿಮಾಡಿಕೊಂಡು ತನ್ನ ಗದ್ದೆಯ ಕಡೆ ನಡೆದ. ಎರಡು ಹೆಜ್ಜೆ ಹೋದವನು ನಿಂತು, ತಿರುಗದೆಯೇ, "ಗಾಳ್ಯಾ, ತೂಬು ತಗಿಯಲೇ. ಸಾಹೇಬ್ರ ಮಾರಿ ಏನು ನೋಡ್ತಿ," ಎಂದ.

ಗಾಳೆಪ್ಪ ಸಾಹೇಬರ ಮುಖವನ್ನೇ ನೋಡಿದ. ಅವರು ತಲೆಯಾಡಿಸಿದರು. ತೂಬಿನ ಹಲಗೆ ಕಿರುಗುಟ್ಟಿ ಮೇಲೇರಿತು. ಮೊದಲು ಕೆಸರು, ಆ ಮೇಲೆ ಕಸಕಡ್ಡಿ, ಆ ಮೇಲೆ ನೀರು.

ಜಂಬಯ್ಯ ಜೀಪಿನ ಮೂತಿಯ ಮೇಲೆ ಜಾಗ ಬಿಟ್ಟುಕೊಟ್ಟ. ಆಚಾರ್ಯರು ಅಲ್ಲೇ ನಿಂತು ಹೊಸ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದರು. ಒಂದು ವಾಕ್ಯಕ್ಕೆ ಎರಡು ಹೆಸರು, ಮುಂದಿನದಕ್ಕೆ ಮತ್ತೆ ಹೆಸರು, ಅದರ ಮುಂದಿನದಕ್ಕೂ ಹೆಸರು. "ಮೇಷ್ಟ್ರೆ, ಒಂದಾದ್ರೂ 'ಹಿ' ಹಾಕ್ರಿ, ಓದಾಕ ನಾಲಿಗಿ ಹೊರಳವಲ್ದು," ಎಂದು ಜಂಬಯ್ಯ ಕಿವಿಯಲ್ಲಿ ಹೇಳಿದ. ಅವರು ಹಾಕಲಿಲ್ಲ.

ಹೆಬ್ಬೆಟ್ಟು ಒತ್ತುವ ಮುನ್ನ ಹೊಳೆಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಓದಿ ಹೇಳ್ರಿ ಆಚಾರ್ರ. ಈ ಸಲ ಓದಿ ಹೇಳ್ರಿ."

ಅವರು ಕನ್ನಡ ಮಾಡುತ್ತ ಮೆಲ್ಲಗೆ ಓದಿದರು. ಗಂಡನ ಹೆಸರು ಬಂದಾಗಲೆಲ್ಲ ಆಕೆ ತಲೆಯಾಡಿಸಿದಳು. ಭಾವನ ಹೆಸರು ಬಂದಾಗಲೆಲ್ಲ ಎರಡೂ ಕಿವಿಗೆ ಸೆರಗೊತ್ತಿ ನೀರಿನ ಕಡೆ ತಿರುಗಿದಳು. ಆಚಾರ್ಯರು ಆಕೆ ತಿರುಗಿ ಬರುವವರೆಗೆ ಕಾದು ಮುಂದೆ ಓದಿದರು. ಅರ್ಧ ತಾಸು ಹಿಡಿಯಿತು. ಸಾಹೇಬರು ಗಡಿಯಾರ ನೋಡಿಕೊಳ್ಳಲಿಲ್ಲ.

ಸಂಜೆ ಮನೆಗೆ ಬಂದಾಗ ಗೋದಾಬಾಯಿ ದೀಪ ಹಚ್ಚುತ್ತಿದ್ದರು. ಆಚಾರ್ಯರು ಕಾಲು ತೊಳೆದವರು ಊಟಕ್ಕೆ ಕೂರದೆ ನಕಲಿನ ಕಡತಗಳನ್ನೆಲ್ಲ ಇಳಿಸಿ ನೆಲದ ಮೇಲೆ ಹರಡಿದರು. ನಾಲ್ಕು ವರ್ಷಗಳ ಅರ್ಜಿಗಳು. ಅವುಗಳಲ್ಲಿ ಇನ್ನೆಷ್ಟು 'ಹಿ'ಗಳು, ಎಷ್ಟು 'ಶಿ'ಗಳು, ಯಾವ ಯಾವ ಕಚೇರಿಯ ಕಪಾಟಿನಲ್ಲಿ, ಯಾರ ತಲೆಯ ಮೇಲೆ ಸುಮ್ಮನೆ ಕುಳಿತಿವೆಯೋ.

"ಊಟ ಮಾಡ್ರಿ ಮೊದಲು. ಅದೇನು ಹುಡುಕತೀರಿ?" ಎಂದರು ಗೋದಾಬಾಯಿ.

"ಮನೆ ತಪ್ಪಿದ ಕೂಸುಗಳನ್ನ," ಎಂದು ಆಚಾರ್ಯರು ಮೊದಲ ಕಾಗದವನ್ನು ಬೆಳಕಿಗೆ ಹಿಡಿದರು.

ಈ ಕಥೆಯನ್ನು ಕೇಳಿದವರ, ಓದಿದವರ, ಓದಲಾರದೆ ಓದಿಸಿಕೊಂಡವರ ಹೊಲಕ್ಕೆ ಸರದಿ ತಪ್ಪದೆ ನೀರು ಬರಲಿ. ಅವರು ಆಡಿದ ಮಾತು ಆಡಿದವರ ಮೇಲೆಯೇ ನಿಲ್ಲಲಿ. ಒಬ್ಬರು ಮಾಡಿದ್ದು ಇನ್ನೊಬ್ಬರ ತಲೆಗೆ ಬಾರದಿರಲಿ. ಬಾಯಲ್ಲಿ ಹಿಡಿಯಲಾರದ ಹೆಸರುಗಳೆಲ್ಲ ನೂರು ವರ್ಷ ಬಾಳಲಿ. ಪಂಪಾಪತಿಯೂ ಪ್ರಾಣದೇವರೂ ಎಲ್ಲರನ್ನೂ ಅವರವರ ಹೆಸರಿನಿಂದಲೇ ಕರೆದು ಕಾಯಲಿ.